ಚುನಾವಣೆಯ ಕಣದಲ್ಲಿ ಪ್ರತಿಭೆಯ ಪ್ರಶ್ನೆ: ನ್ಯೂಯಾರ್ಕ್ ನಗರದ ಚರಿತ್ರೆಯಿಂದ

ವಿದ್ಯಾಭ್ಯಾಸದ ಇತಿಹಾಸವನ್ನು ಬರೆಯುವವರು ಆಯೋಗಗಳ ವರದಿಗಳನ್ನೂ ಕಾಯಿದೆಗಳನ್ನೂ ಪರಿಶೀಲಿಸುವುದು ವಾಡಿಕೆ. ಚುನಾವಣೆಯ ಭಾಷಣಗಳನ್ನು ಅವರು ಅಷ್ಟಾಗಿ ಲಕ್ಷಿಸುವುದಿಲ್ಲ. ಆದರೆ ಕೆಲವು ವಿದ್ಯಾಯೋಜನೆಗಳ ಆಯುಷ್ಯವು ಮತಪೆಟ್ಟಿಗೆಯ ಬಳಿಯಲ್ಲಿಯೇ ನಿರ್ಣಯವಾಗಿದೆ. ಅಸಾಧಾರಣ ಬುದ್ಧಿಯುಳ್ಳ ಮಕ್ಕಳಿಗೆ ಪ್ರತ್ಯೇಕ ಶಿಕ್ಷಣ ಬೇಕೆ ಎಂಬುದು ಅಂಥ ಪ್ರಶ್ನೆಗಳಲ್ಲೊಂದು. ನ್ಯೂಯಾರ್ಕ್ ನಗರದ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಆ ನಗರದಲ್ಲಿ ಈ ಪ್ರಯತ್ನವು ಮೊದಲಾದದ್ದು ವಿದ್ವಾಂಸರಿಂದ. ಕೊಲಂಬಿಯ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿದ್ದ ಮನಶ್ಶಾಸ್ತ್ರಜ್ಞೆ ಲೀಟಾ ಹಾಲಿಂಗ್‌ವರ್ತ್ ಅವರು 1922ರಲ್ಲಿ ಮ್ಯಾನ್‌ಹಟನ್ನಿನ ಸಾರ್ವಜನಿಕ ಶಾಲೆಯೊಂದರಲ್ಲಿ ಇಂಥ ಮಕ್ಕಳ ವಿಶೇಷ ತರಗತಿಗಳನ್ನು ತೊಡಗಿಸಿದರು. 1926ರಲ್ಲಿ ಆ ವಿಷಯವಾಗಿ ಗ್ರಂಥವನ್ನು ಪ್ರಕಟಿಸಿದರು. 1936ರಲ್ಲಿ ಅವರ ಮಾರ್ಗದರ್ಶನದಲ್ಲಿ ಸ್ಪೈಯರ್ ಶಾಲೆಯ ಪ್ರಯೋಗ ನಡೆಯಿತು. ಅಲ್ಲಿ ಚುರುಕುಬುದ್ಧಿಯ ಮಕ್ಕಳೂ ನಿಧಾನವಾಗಿ ಕಲಿಯುವ ಮಕ್ಕಳೂ ಒಂದೇ ಸೂರಿನ ಕೆಳಗೆ ಬೇರೆ ಬೇರೆ ತರಗತಿಗಳಲ್ಲಿ ಓದಿದರೆಂಬುದು ಗಮನಾರ್ಹ. ಚುರುಕು ಮಕ್ಕಳು ಆಹಾರ, ಬಟ್ಟೆ, ಮನೆ, ವಾಹನ ಮುಂತಾದ ನಿತ್ಯದ ವಸ್ತುಗಳು ವಿಕಾಸಗೊಂಡ ಬಗೆಯನ್ನು ತಾವೇ ಹುಡುಕಿ ಕಲಿತರು. ಹಾಲಿಂಗ್‌ವರ್ತ್ ಅವರು 1939ರಲ್ಲಿ ತೀರಿಕೊಂಡರು.

ಈ ವಿಷಯವು ಚುನಾವಣೆಯ ಕಣಕ್ಕೆ ಇಳಿಯಲು ಒಂದು ಆಡಳಿತಕಾರಣವುಂಟು. 2002ರಲ್ಲಿ ನಗರದ ಶಾಲೆಗಳ ಅಧಿಕಾರವು ನೇರವಾಗಿ ಮೇಯರರ ಕೈಸೇರಿತು. ಅಂದಿನಿಂದ ಶಾಲೆಯ ಪ್ರತಿಯೊಂದು ಕುಂದುಕೊರತೆಗೂ ಮೇಯರರೇ ಉತ್ತರ ಹೇಳಬೇಕಾಯಿತು. ಅದುವರೆಗೆ 32 ಶಾಲಾ ಜಿಲ್ಲೆಗಳು ತಮಗೆ ತೋರಿದ ರೀತಿಯಲ್ಲಿ ಮಕ್ಕಳನ್ನು ಆರಿಸಿಕೊಳ್ಳುತ್ತಿದ್ದವು. ಈ ಅಕ್ರಮವನ್ನು ನೀಗಲು ಮೇಯರ್ ಬ್ಲೂಮ್‌ಬರ್ಗ್ ಅವರ ಆಡಳಿತವು 2008ರಲ್ಲಿ ನಗರಕ್ಕೆಲ್ಲ ಒಂದೇ ಪರೀಕ್ಷೆಯನ್ನೂ ಒಂದೇ ಮಟ್ಟವನ್ನೂ ಗೊತ್ತುಮಾಡಿತು. ಉದ್ದೇಶ ಸಮಾನತೆಯದು, ಪರಿಣಾಮ ತದ್ವಿರುದ್ಧ. ನಾಲ್ಕು ವರ್ಷದ ಶಿಶುವನ್ನು ಪರೀಕ್ಷೆಗೆ ಕೂರಿಸಿದಾಗ ಅಳತೆಗೆ ಸಿಕ್ಕಿದ್ದು ಮಗುವಿನ ಬುದ್ಧಿಯಷ್ಟೇ ಅಲ್ಲ, ಮನೆಯ ಅನುಕೂಲವೂ ಹೌದು. ಹಣವುಳ್ಳವರು ಹಸುಳೆಗಳನ್ನು ಖಾಸಗಿ ಪಾಠಕ್ಕೆ ಕಳುಹಿಸಿದರು. ಬಡವರ ಬಡಾವಣೆಗಳಲ್ಲಿ ವಿಶೇಷ ತರಗತಿಗಳು ಕ್ಷೀಣಿಸಿದವು. ಕಾಲಕ್ರಮದಲ್ಲಿ ಈ ತರಗತಿಗಳ ನಾಲ್ಕರಲ್ಲಿ ಸುಮಾರು ಮೂರು ಸ್ಥಾನಗಳು ಬಿಳಿಯರ ಮತ್ತು ಏಷ್ಯಾ ಮೂಲದವರ ಮಕ್ಕಳ ಪಾಲಾದವು. ನಗರದ ಶಾಲೆಗಳಲ್ಲಿ ಬಹುಸಂಖ್ಯೆಯಲ್ಲಿದ್ದವರು ಕಪ್ಪು ಜನರ ಮತ್ತು ಲ್ಯಾಟಿನ್ ಅಮೇರಿಕ ಮೂಲದವರ ಮಕ್ಕಳು.

2021ರ ಅಕ್ಟೋಬರ್ 8ರಂದು, ಚುನಾವಣೆಗೆ ನಾಲ್ಕು ವಾರಗಳೂ ಉಳಿದಿರದಾಗ, ಅಧಿಕಾರದಿಂದ ನಿರ್ಗಮಿಸಲಿದ್ದ ಮೇಯರ್ ಡಿ ಬ್ಲಾಸಿಯೊ ಅವರು ಶಿಶುವರ್ಗದ ಈ ಪ್ರವೇಶವನ್ನು ನಿಲ್ಲಿಸುವುದಾಗಿ ಸಾರಿದರು. ಏಷ್ಯಾ ಮೂಲದ ಅನೇಕ ತಾಯಿತಂದೆಗಳು ಬೀದಿಗಿಳಿದು ವಿರೋಧಿಸಿದರು. ನವೆಂಬರಿನಲ್ಲಿ ಗೆದ್ದ ಎರಿಕ್ ಆಡಮ್ಸ್ ಅವರು 2022ರ ಏಪ್ರಿಲಿನಲ್ಲಿ ಯೋಜನೆಯನ್ನು ಉಳಿಸಿದ್ದಲ್ಲದೆ ಶಿಶುವರ್ಗಕ್ಕೆ 100, ಮೂರನೆಯ ತರಗತಿಗೆ 1,000 ಸ್ಥಾನಗಳನ್ನು ಹೆಚ್ಚಿಸಿದರು. 2025ರ ಅಕ್ಟೋಬರಿನಲ್ಲಿ ಅಭ್ಯರ್ಥಿ ಜೊಹ್ರಾನ್ ಮಮ್ದಾನಿ ಅವರು ಶಿಶುವರ್ಗದ ಪ್ರವೇಶವನ್ನು ಕೊನೆಗಾಣಿಸುವೆನೆಂದರು. ಪ್ರತಿಸ್ಪರ್ಧಿ ಆಂಡ್ರೂ ಕ್ವೋಮೊ ಅದನ್ನು ಖಂಡಿಸಿದರು. ಗೆಲುವು ಮಮ್ದಾನಿಯವರದಾಯಿತು.

ಈ ಏರಿಳಿತಗಳ ನಡುವೆ ಒಂದು ಅಂಶ ಮರೆಯಾಗಿದೆ. ಡಿ ಬ್ಲಾಸಿಯೊ ಅವರ ಯೋಜನೆಯಲ್ಲಿ ಮೂರನೆಯ ತರಗತಿಯ ಹೊತ್ತಿಗೆ ಎಲ್ಲ ಮಕ್ಕಳನ್ನೂ ಪರಿಶೀಲಿಸುವ ಏರ್ಪಾಡಿತ್ತು. ಆಡಮ್ಸ್ ಅವರು ಹೆಚ್ಚು ಸ್ಥಾನಗಳನ್ನಿತ್ತದ್ದು ಅದೇ ತರಗತಿಗೆ. ಮಮ್ದಾನಿಯವರ ಆಕ್ಷೇಪಣೆಯೂ ಶಿಶುವರ್ಗಕ್ಕೆ ಸಂಬಂಧಿಸಿದ್ದು. ಕಲಿಸುವ ವಿಧಾನದಲ್ಲಿ ಭೇದವಿದ್ದರೂ, ಎಂಟು ವರ್ಷದ ಮಗುವಿನ ಪ್ರತಿಭೆಯನ್ನು ಗುರುತಿಸಬಹುದೆಂಬುದನ್ನು ಮೂವರೂ ಒಪ್ಪಿದ್ದರೆಂದು ಹೇಳಬಹುದು. ಸಭೆಗಳಲ್ಲಿ ಮಾತ್ರ ಕೇಳಿಬಂದದ್ದು ‘ಉಳಿಸಿ’ ಮತ್ತು ‘ಅಳಿಸಿ’ ಎಂಬ ಎರಡೇ ಕೂಗು. ಯಾವ ವಯಸ್ಸಿನಲ್ಲಿ, ಯಾರು, ಎಷ್ಟು ಶಾಲೆಗಳಲ್ಲಿ ಹುಡುಕಬೇಕು, ಅದಕ್ಕೆ ಉಪಾಧ್ಯಾಯರನ್ನು ತರಬೇತುಗೊಳಿಸುವವರು ಯಾರು ಎಂಬ ಪ್ರಶ್ನೆಗಳು ಹಿಂದೆ ಬಿದ್ದವು. ಈ ಶಿಕ್ಷಣದ ಪರವಾಗಿ ವಾದಿಸುವವರು ಚುನಾವಣೆಯಲ್ಲಿ ಕೇಳಬೇಕಾದುದು ಇವನ್ನೇ.

ಇದು ಪರದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮಲ್ಲಿ 1963ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರತಿಭಾನ್ವೇಷಣೆಯ ಮಂಜೂರಾತಿ 2021ರ ಮಾರ್ಚ್ 31ಕ್ಕೆ ಮುಗಿದು, ಯೋಜನೆ ಸ್ಥಗಿತವಾಯಿತು. 1999ರಲ್ಲಿ ಹುಟ್ಟಿದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯ ಪರೀಕ್ಷೆ 2022ರಲ್ಲಿ ನಿಂತುಹೋಯಿತು. ನ್ಯೂಯಾರ್ಕಿನಲ್ಲಿ ಎದ್ದ ಕೋಲಾಹಲದ ಶತಾಂಶವೂ 2024ರ ನಮ್ಮ ಲೋಕಸಭಾ ಚುನಾವಣೆಯಲ್ಲಿ ಈ ಬಗ್ಗೆ ಏಳಲಿಲ್ಲ. ಇನ್ನೊಂದು ಸಂಗತಿ ಕನ್ನಡಿಗರನ್ನು ಹೆಚ್ಚು ಯೋಚನೆಗೆ ಹಚ್ಚಬೇಕು. ಆ ಎರಡನೆಯ ಪರೀಕ್ಷೆಯನ್ನು ನಡೆಸುತ್ತಿದ್ದುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ; ಪ್ರಶ್ನಪತ್ರಿಕೆ ಇದ್ದುದು ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಮಗು, ಅದು ರಾಯಚೂರಿನಲ್ಲಿರಲಿ ಮುಂಬಯಿಯಲ್ಲಿರಲಿ, ತನ್ನ ಬುದ್ಧಿಯನ್ನು ತೋರಿಸುವ ಮೊದಲು ಪರಭಾಷೆಯ ಹೊಸ್ತಿಲನ್ನು ದಾಟಬೇಕಾಗಿತ್ತು. ನ್ಯೂಯಾರ್ಕಿನಲ್ಲಿ ಹಣವು ಮಾಡಿದ ಕೆಲಸವನ್ನು ಇಲ್ಲಿ ಭಾಷೆ ಮಾಡಿತು.

ನಿಂತುಹೋದ ಯೋಜನೆಗಳನ್ನು ಮತ್ತೆ ತೊಡಗಿಸಿರೆಂದು ಕೇಳುವುದು ನ್ಯಾಯ. ಆದರೆ ಅವು ಮರಳಿ ಬರುವಾಗ ಮಗುವಿಗೆ ತಿಳಿದ ಭಾಷೆಯಲ್ಲಿ, ಮಗುವಿದ್ದ ಊರಿಗೇ ಬರಲಿ ಎಂಬ ಮಾತನ್ನೂ ಸೇರಿಸಿ ಕೇಳಬೇಕು. ಮತ ಕೇಳಲು ಬರುವವರಿಗೆ, ನಾವು ಯಾವ ಊರಿನಲ್ಲಿ ನೆಲೆಸಿದ್ದರೂ, ಈ ಮಾತನ್ನು ಹೇಳುವ ಅವಕಾಶ ನಮಗಿದ್ದೇ ಇದೆ.