ಸೊಂಟನೋವಿಗೆ ಹಲಗೆ ಬಂದದ್ದು ಯಾವಾಗ?

ನಮ್ಮಪ್ಪನ ಸೊಂಟನೋವಿಗೆ ಡಾಕ್ಟರು ಹೇಳಿದ ಮುಖ್ಯ ಔಷಧ ಒಂದು ಹಲಗೆ. 1970ರ ದಶಕದ ಮೈಸೂರು. ಹತ್ತಿ ಹಾಸಿಗೆ ಸುತ್ತಿಟ್ಟು, ಮಂಚದ ಮೇಲೆ ಹಲಗೆ ಹಾಕಿ, ಅದರ ಮೇಲೊಂದು ಜಮಖಾನ ಹಾಸಿ ಅವರನ್ನು ಮಲಗಿಸಿದ್ದರು. ಏಳಬಾರದು, ಬಗ್ಗಬಾರದು, ಕೊಡ ಎತ್ತಬಾರದು. ಆಸ್ಪತ್ರೆಗೆ ಸೇರಿದವರಿಗೆ ಸೊಂಟಕ್ಕೆ ಪಟ್ಟಿ ಬಿಗಿದು, ರಾಟೆಯ ಮೇಲೆ ಹಗ್ಗ ಹಾಯಿಸಿ ತೂಕ ತೂಗುಬಿಡುತ್ತಿದ್ದರು. ನೋವು ಇಳಿಯುವ ಹೊತ್ತಿಗೆ ಅಪ್ಪನ ಕಾಲು ಎಷ್ಟು ಸೋತಿದ್ದವೆಂದರೆ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಿತ್ತು.

ನಾನು ಕುಕ್ಕರಹಳ್ಳಿ ಕೆರೆಯ ಸುತ್ತ ಓಡುವ ಚಟ ಹಚ್ಚಿಕೊಂಡು, ಒಂದು ಬೆಳಿಗ್ಗೆ ಸೊಂಟ ಹಿಡಿದುಕೊಂಡು ಮನೆಗೆ ಬಂದಾಗ ಅಮ್ಮನಿಗೆ ಆ ಹಲಗೆಯೇ ನೆನಪಾಯಿತು. ‘ಓಡಿದ್ದು ಸಾಕು ಕಣೇ, ಹೋಗಿ ಬಿದ್ಕೋ’ ಅಂದರು. ತಲೆತಲಾಂತರದಿಂದ ನಡೆದುಬಂದ ಮಾತೆಂಬಂತೆ ಅಂದರು. ಫಿಸಿಯೋಥೆರಪಿಸ್ಟ್ ಮಾತ್ರ ‘ಇವತ್ತೇ ನಡೆಯೋಕೆ ಶುರುಮಾಡಿ’ ಎಂದರು. ಅಪ್ಪನಿಗೂ ನನಗೂ ನಡುವೆ ವೈದ್ಯರ ಮಾತು ಹೀಗೆ ತಿರುಗಿದ್ದು ಹೇಗೆ ಎಂದು ನಾನು ಓದತೊಡಗಿದ್ದು ಆಮೇಲೆ.

ತಲೆತಲಾಂತರದ್ದಂತೂ ಅಲ್ಲ ಅದು. ಅಜ್ಜಿಯ ಕಾಲದಲ್ಲಿ ಸೊಂಟ ಉಳುಕಿದರೆ ಲಕ್ಕಿಸೊಪ್ಪು ಕುದಿಸಿದ ನೀರು ಹುಯ್ಯುತ್ತಿದ್ದರು, ಎಕ್ಕದೆಲೆ ಬಿಸಿಮಾಡಿ ಶಾಖ ಕೊಡುತ್ತಿದ್ದರು, ಹರಳೆಣ್ಣೆ ತಿಕ್ಕುತ್ತಿದ್ದರು. ಕಾಲು ಮುಂದಾಗಿ ಹುಟ್ಟಿದವರು ಊರಲ್ಲಿದ್ದರೆ ಅವರನ್ನು ಕರೆಸಿ ಬೆನ್ನಿಗೆ ಒದೆಸಿಕೊಳ್ಳುವುದೂ ಇತ್ತು. ಅಜ್ಜಿಯ ಪಾಲಿನ ಇಂಗ್ಲಿಷ್ ಔಷಧಿಯೆಂದರೆ ಅಮೃತಾಂಜನ. ಅದನ್ನು 1893ರಲ್ಲಿ ಬೊಂಬಾಯಿಯಲ್ಲಿ ಶುರುಮಾಡಿದವರು ತೆಲುಗಿನ ಕಾಶೀನಾಥುನಿ ನಾಗೇಶ್ವರರಾಯರು ಎಂದು ಅವಳಿಗೆ ಹೇಳಿದ್ದರೆ ನಂಬುತ್ತಿರಲಿಲ್ಲ. ಇಷ್ಟೆಲ್ಲ ಆದಮೇಲೆ ಹೆಂಗಸರು ಎದ್ದು ಕೆಲಸಕ್ಕೆ ಹೋಗುತ್ತಿದ್ದರು. ಇದನ್ನು ಹಿಂದಿನವರ ಜಾಣತನವೆಂದು ಹೊಗಳುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಮಲಗಿದರೆ ಹಾಲು ಕರೆಯುವವರಾರು, ಒಲೆ ಹಚ್ಚುವವರಾರು? ಅಜ್ಜಿ ಎದ್ದದ್ದು ಅದಕ್ಕೆ.

ಮಲಗಿಸುವ ಶಾಸ್ತ್ರ ಬಲಿತದ್ದು ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ. ಲಂಡನ್ನಿನ ಗೈಸ್ ಆಸ್ಪತ್ರೆಯ ಸರ್ಜನ್ ಜಾನ್ ಹಿಲ್ಟನ್, ನೋವು ಮತ್ತು ವಿಶ್ರಾಂತಿಯ ಬಗ್ಗೆ ಕೊಟ್ಟ ಉಪನ್ಯಾಸಗಳನ್ನು 1863ರಲ್ಲಿ ಪುಸ್ತಕವಾಗಿ ತಂದ. ನೋವೆಂದರೆ ಅಲ್ಲಾಡಬೇಡವೆಂದು ದೇಹ ಹೇಳುವ ಮಾತು ಎಂಬುದು ಅವನ ವಾದ. ಲಿವರ್‌ಪೂಲಿನ ಹ್ಯೂ ಓವನ್ ಥಾಮಸ್ ಇದನ್ನು ಇನ್ನೂ ಬಿಗಿ ಮಾಡಿದ. ವಿಶ್ರಾಂತಿ ಕಡ್ಡಾಯವಾಗಿರಬೇಕು, ಎಡೆಬಿಡದೆ ಇರಬೇಕು, ದೀರ್ಘವಾಗಿರಬೇಕು. ಈ ಥಾಮಸ್ ಮೂಳೆ ಕೂರಿಸುವವರ ಮನೆತನದವನು. ನಮ್ಮಲ್ಲಿ ಪುತ್ತೂರು ಕಟ್ಟು ಕಟ್ಟುವವರಿದ್ದಾರಲ್ಲ, ಅಂಥ ಕಸುಬು. ಮುರಿದ ಕಾಲಿಗೂ ಕ್ಷಯ ಹತ್ತಿದ ಕೀಲಿಗೂ ಅವನ ಹಟ ಸರಿಯಾಗಿಯೇ ಇತ್ತು. ಆದರೆ ಅದೇ ವಿದ್ಯೆಯನ್ನು ಮುರಿಯದ, ಕ್ಷಯವಿಲ್ಲದ, ಬರೀ ಹಿಡಿದುಕೊಂಡ ಸೊಂಟಕ್ಕೂ ಹಚ್ಚಿದರು.

1934ರಲ್ಲಿ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್, ಬೆನ್ನುಮೂಳೆಗಳ ನಡುವಿನ ಡಿಸ್ಕ್ ಹೊರಚಾಚಿ ನರ ಒತ್ತುವುದರಿಂದ ಕಾಲಿಗೆ ನೋವಿಳಿಯುತ್ತದೆಂದು ತೋರಿಸಿದರು. ದೊಡ್ಡ ಶೋಧ, ಅನುಮಾನವಿಲ್ಲ. ಅದರ ಜೊತೆ ಒಂದು ಹೆದರಿಕೆಯೂ ಬಂತು. ಸೊಂಟ ನೋಯುವ ಪ್ರತಿಯೊಬ್ಬರಿಗೂ ತಮ್ಮೊಳಗೆ ಏನೋ ‘ಜಾರಿದೆ’ ಅನ್ನಿಸತೊಡಗಿತು. ಜಾರಿದ್ದು ಇನ್ನಷ್ಟು ಜಾರದಿರಲಿ ಎಂದು ಜನ ಹಲಗೆ ಹಿಡಿದರು. 1947ರಲ್ಲಿ ರಿಚರ್ಡ್ ಆಷರ್ ಎಂಬ ಲಂಡನ್ನಿನ ವೈದ್ಯ, ಹಾಸಿಗೆಯೇ ರೋಗ ತರುತ್ತದೆಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಕುಟುಕಿ ಬರೆದ. ಸೊಂಟದ ಡಾಕ್ಟರುಗಳ ಕಿವಿಗೆ ಅದು ಬಿದ್ದಂತಿಲ್ಲ.

ಕೊನೆಗೆ ಎಣಿಸಿ ನೋಡುವ ಕೆಲಸ ಆದದ್ದು 1986ರಲ್ಲಿ. ರಿಚರ್ಡ್ ಡೇಯೋ ಮತ್ತು ಜೊತೆಯವರು ಟೆಕ್ಸಸ್‌ನಲ್ಲಿ ಸೊಂಟನೋವೆಂದು ಬಂದ 203 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ 2 ದಿನ, ಇನ್ನೊಂದಕ್ಕೆ 7 ದಿನ ಮಲಗಲು ಹೇಳಿದರು. ನೋವು ವಾಸಿಯಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. 2 ದಿನದವರು ಮಾತ್ರ ಕೆಲಸ ತಪ್ಪಿಸಿಕೊಂಡದ್ದು ಶೇಕಡ 45ರಷ್ಟು ಕಡಿಮೆ. ಹೇಳಿದಷ್ಟು ದಿನ ಎಲ್ಲರೂ ಮಲಗಲೂ ಇಲ್ಲ ಎಂಬುದು ನನಗೆ ಇಷ್ಟವಾದ ಸಂಗತಿ. ರೋಗಿಗಳು ಎಲ್ಲ ಕಡೆಯೂ ಒಂದೇ!

1995ರಲ್ಲಿ ಫಿನ್‌ಲೆಂಡಿನ ಮಾಲ್ಮಿವಾರಾ ತಂಡ ಹೆಲ್ಸಿಂಕಿ ನಗರದ 186 ನೌಕರರಲ್ಲಿ ಇನ್ನೂ ಮುಂದೆ ಹೋಯಿತು. ಕೆಲವರಿಗೆ 2 ದಿನ ಹಾಸಿಗೆ, ಕೆಲವರಿಗೆ ಸೊಂಟದ ವ್ಯಾಯಾಮ, ಉಳಿದವರಿಗೆ ನೋವು ತಡೆದಷ್ಟು ದಿನನಿತ್ಯದ ಕೆಲಸ. ಬೇಗ ಸುಧಾರಿಸಿದವರು ಈ ಕೊನೆಯವರು. ಎಲ್ಲರಿಗಿಂತ ನಿಧಾನ ಹಾಸಿಗೆಯವರು. ನೋವು ತಾಜಾ ಇರುವಾಗ ವ್ಯಾಯಾಮಕ್ಕಿಂತಲೂ ಮಾಮೂಲಿ ಓಡಾಟ ಮೇಲು ಎಂಬ ಈ ಫಲ, ನೋವು ಬಂದ ಮರುದಿನವೇ ಹತ್ತು ಬಗೆ ಆಸನ ಹೇಳಿಕೊಡುವವರಿಗೂ ತಲುಪಬೇಕಾದ್ದು.

ಓಡುವವರ ಮೇಲಿನ ಗುಮಾನಿ ಮಾತ್ರ ಬೇರೆ ದಾರಿ ಹಿಡಿದಿತ್ತು. ಹೆಜ್ಜೆ ಹೆಜ್ಜೆಗೂ ಕುಟ್ಟುವುದರಿಂದ ಡಿಸ್ಕ್ ಸವೆಯುತ್ತದೆ ಎಂಬುದು ಬಹುಕಾಲದ ಮಾತು. ಅದಕ್ಕೊಂದು ಎಳೆ ಸತ್ಯವೂ ಇದೆ. ಭಾರ ಬಿದ್ದಾಗ ಡಿಸ್ಕಿನಿಂದ ನೀರು ಹಿಂಡಿಹೋಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ತುಂಬುತ್ತದೆ; ಬೆಳಿಗ್ಗೆ ನಾವು ಸಂಜೆಗಿಂತ ಕೊಂಚ ಉದ್ದವಿರುವುದು ಅದಕ್ಕೇ. ಆದರೆ 2017ರಲ್ಲಿ ಆಸ್ಟ್ರೇಲಿಯಾದ ಡೇನಿಯಲ್ ಬೆಲಾವಿ ತಂಡ 79 ಜನರ ಡಿಸ್ಕ್‌ಗಳನ್ನು ಎಂಆರ್‌ಐನಲ್ಲಿ ನೋಡಿದಾಗ, ವರ್ಷಗಟ್ಟಲೆ ಓಡಿದವರ ಡಿಸ್ಕ್‌ಗಳು ಓಡದವರದಕ್ಕಿಂತ ಹೆಚ್ಚು ನೀರು ಹಿಡಿದಿದ್ದವು. ಇದನ್ನು ಹಿಡಿದು ಕುಣಿಯುವ ಮುನ್ನ ಒಂದು ತಕರಾರು: ಸೊಂಟ ಗಟ್ಟಿಯಿದ್ದವರೇ ಅಷ್ಟು ವರ್ಷ ಓಟದಲ್ಲಿ ಉಳಿದಿರಬಹುದಲ್ಲ? ಒಂದು ಸಲ ತೆಗೆದ ಚಿತ್ರದಿಂದ ಇದು ಬಗೆಹರಿಯುವುದಿಲ್ಲ. ಓಟ ಸೊಂಟವನ್ನು ಹಾಳುಮಾಡಿಯೇ ಬಿಡುತ್ತದೆ ಎನ್ನುವವರ ಬಾಯಿ ಕಟ್ಟಲು ಮಾತ್ರ ಸಾಕು.

ಎಲ್ಲ ಸೊಂಟನೋವೂ ನಡೆದು ಹೋಗುವಂಥದ್ದಲ್ಲ. ಮೂತ್ರ ಕಟ್ಟಿದರೆ, ತೊಡೆಸಂದಿ ಜೋಮು ಹಿಡಿದರೆ, ಪಾದದ ಬಲ ಕುಂದಿದರೆ, ಜ್ವರ ಜೊತೆಗಿದ್ದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ನನಗೆ ಅಂಥದ್ದೇನೂ ಇರಲಿಲ್ಲ. ನಡೆದೆ, ಆಮೇಲೆ ಸ್ವಲ್ಪ ನಡಿಗೆ ಸ್ವಲ್ಪ ಓಟ, ಚಾಮುಂಡಿಬೆಟ್ಟದ ಇಳಿಜಾರನ್ನು ಸದ್ಯಕ್ಕೆ ಬಿಟ್ಟೆ. ನೋವು ಪೂರ್ತಿ ಹೋಗಲೆಂದು ಕಾಯಬೇಡಿ, ಓಡಿದ ಮಾರನೇ ಬೆಳಿಗ್ಗೆ ಅದು ಹೆಚ್ಚಿರದಿದ್ದರೆ ಸಾಕು ಎಂಬುದು ಫಿಸಿಯೋಥೆರಪಿಸ್ಟ್ ಕೊಟ್ಟ ಲೆಕ್ಕ. ಅಮ್ಮನಿಗೆ ಹೆಲ್ಸಿಂಕಿಯ ಕಥೆ ಹೇಳಿದೆ. ‘ಅವರಿಗೇನು, ಆ ಚಳಿಗೆ ಓಡಾಡ್ತಾರೆ’ ಅಂದರು.