ಟಿಗ್ ಬೆಸುಗೆ: ವಿಮಾನದಿಂದ ಮನೆಯ ಶೆಡ್ಡಿಗೆ

ಕೈಗಾರಿಕಾ ಉಪನಗರವಾಗಿ ಹುಟ್ಟಿದ ರಾಜಾಜಿನಗರದ ವರ್ಕ್‌ಶಾಪ್‌ಗಳಲ್ಲಿ ಸ್ಟೀಲ್ ಬೆಸೆಯುವ ಟಿಗ್ ಯಂತ್ರವನ್ನು ನೀವು ನೋಡಿರಬಹುದು. ಈ ವಿಧಾನ ರೂಪುಗೊಂಡದ್ದು ವಿಮಾನಕ್ಕಾಗಿ. ಅಮೆರಿಕದ ನಾರ್ತ್ರಾಪ್ ಕಂಪನಿ ಮೆಗ್ನೀಸಿಯಮ್ ವಿಮಾನ ಕಟ್ಟಲು ಹೊರಟಿತ್ತು. ಆ ಲೋಹವೋ, ಕರಗಿದಾಗ ಗಾಳಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಅಲ್ಲಿನ ರಸೆಲ್ ಮೆರಿಡಿತ್, 3422 ಡಿಗ್ರಿ ಸೆಲ್ಸಿಯಸ್‌ವರೆಗೂ ಕರಗದ ಟಂಗ್‌ಸ್ಟನ್ ಕಡ್ಡಿಯ ಸುತ್ತ ಹೀಲಿಯಂ ಹರಿಸಿ ಗಾಳಿಯನ್ನು ದೂರವಿಟ್ಟರು. 1942ರಲ್ಲಿ ಪೇಟೆಂಟ್ ದೊರೆಯಿತು. ಮುಂದೆ ಅಗ್ಗದ ಆರ್ಗಾನ್ ಬಂತು.

ಅಲ್ಯೂಮಿನಿಯಮ್ ಮಾತ್ರ ಮೊಂಡು. ಅದು 660 ಡಿಗ್ರಿಗೇ ಕರಗಿದರೂ ಮೇಲಿನ ಆಕ್ಸೈಡ್ ಪದರ ಕರಗಲು 2000 ಡಿಗ್ರಿಗೂ ಹೆಚ್ಚು ಬೇಕು. ಎಸಿ, ಅಂದರೆ ಪರ್ಯಾಯ ವಿದ್ಯುತ್ತಿನಲ್ಲಿ, ಕಡ್ಡಿ ಧನವಾಗುವ ಅರ್ಧಾವರ್ತ ಆ ಪದರವನ್ನು ಒಡೆಯುತ್ತದೆ. ಋಣವಾಗುವ ಅರ್ಧಾವರ್ತ ಲೋಹವನ್ನು ಕಾಯಿಸುತ್ತದೆ. ಮನೆಗೆ ಯಂತ್ರ ಕೊಳ್ಳುವಾಗ ಆಂಪಿಯರ್‌ಗಿಂತ ಮೊದಲು ಇದನ್ನೇ ಕೇಳಿ: ಎಸಿ ಇದೆಯೇ? ಸ್ಟೀಲಿಗಷ್ಟೇ ಆದರೆ ಡಿಸಿ ಸಾಕು, ದುಡ್ಡೂ ಉಳಿಯುತ್ತದೆ.