ಪ್ರಾಥಮಿಕ ತರಗತಿಯ ಆಸನಕ್ರಮ: ಒಂದು ಚಾರಿತ್ರಿಕ ಅವಲೋಕನ

ಮಕ್ಕಳು ಒಂದೇ ಬೆಂಚಿಗೆ ಅಂಟಿಕೊಳ್ಳದೆ, ಕೆಲಸಕ್ಕೆ ತಕ್ಕಂತೆ ಸ್ಥಳ ಬದಲಿಸಿ ಕುಳಿತು ಕಲಿಯುವ ಪದ್ಧತಿಯನ್ನು ಈಚಿನ ಶಿಕ್ಷಣಶಾಸ್ತ್ರವು ವಿಶೇಷವಾಗಿ ಶ್ಲಾಘಿಸುತ್ತದೆ. ಇದು ಪಶ್ಚಿಮದಿಂದ ಬಂದ ಹೊಸ ವಿಚಾರವೆಂದು ಉಪಾಧ್ಯಾಯ ಬಂಧುಗಳಲ್ಲಿ ಹಲವರು ಭಾವಿಸಿರುವುದುಂಟು. ಇಂಥ ತರಗತಿಯಲ್ಲಿ ಗದ್ದಲವೇ ಹೆಚ್ಚು, ಶಿಸ್ತು ನಿಲ್ಲದು ಎಂಬ ಆಕ್ಷೇಪವೂ ಉಂಟು. ಈ ಎರಡು ಮಾತುಗಳನ್ನೂ ಚರಿತ್ರೆಯ ಒರೆಗೆ ಹಚ್ಚಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

1822ರಲ್ಲಿ ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ದೇಶೀಯ ಶಾಲೆಗಳ ವಿವರವನ್ನು ಜಿಲ್ಲೆಯ ಕಲೆಕ್ಟರುಗಳಿಂದ ಕೇಳಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಬರೆದ ಉತ್ತರ ನಮಗೆ ಅತ್ಯಂತ ಮುಖ್ಯವಾದುದು. ಏಕೆಂದರೆ 1953ರಲ್ಲಿ ಆಂಧ್ರಕ್ಕೆ ಸೇರಿಹೋದ ಆದವಾನಿ, ಆಲೂರು, ರಾಯದುರ್ಗಗಳು ಅಂದು ಆ ಜಿಲ್ಲೆಯವೇ. ಅವನ ಲೆಕ್ಕದಂತೆ ಜಿಲ್ಲೆಯಲ್ಲಿದ್ದ ವಿದ್ಯಾಸಂಸ್ಥೆಗಳು 533. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಓದುತ್ತಿದ್ದವರು 6,641 ಮಂದಿ.

ಆ ಐಗಳ ಮಠಗಳಲ್ಲಿ ಬೆಂಚಿನ ಮಾತೇ ಇರಲಿಲ್ಲ. ಮಗು ಮೊದಲು ನೆಲದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ತರುವಾಯ ಓಲೆಗರಿ, ಕಾಗದ, ಹಲಗೆ, ಕಡತಗಳಿಗೆ ಏರುತ್ತಿತ್ತು. ಗಂಜಿ ಹಾಕಿ ಮಡಿಸಿದ ಬಟ್ಟೆಗೆ ಇದ್ದಲಿನ ಪುಡಿ, ಅಂಟು ಬಳಿದರೆ ಕಡತ; ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸಬಹುದಿತ್ತು. ಕಛೇರಿಯ ಕಡತ ಎಂಬ ಮಾತಿನಲ್ಲಿ ಆ ಹೆಸರು ಇಂದಿಗೂ ಉಳಿದಿದೆ. ಶಾಲೆ ಸಾಮಾನ್ಯವಾಗಿ ನಾಲ್ಕು ಗುಂಪುಗಳಾಗಿರುತ್ತಿತ್ತು. ವಯಸ್ಸಿನಿಂದಲ್ಲ, ಶಕ್ತಿಯಿಂದ ಮಗು ಒಂದು ಗುಂಪಿನಿಂದ ಮತ್ತೊಂದಕ್ಕೆ ಹೋಗುತ್ತಿತ್ತು. ಕೆಳಗಿನ ಗುಂಪುಗಳನ್ನು ಹಿರಿಯ ವಿದ್ಯಾರ್ಥಿಗಳು ಭಾಗಶಃ ನೋಡಿಕೊಂಡರೆ, ಐಗಳ ಕಣ್ಣು ಎಲ್ಲರ ಮೇಲೂ ಇರುತ್ತಿತ್ತು. ಆದರೆ ಹಳೆಯದೆಲ್ಲವೂ ಒಳ್ಳೆಯದೆಂದು ಹೇಳಲಾಗದು. ಬೆಳಿಗ್ಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಏರುವ ಶಿಕ್ಷೆಯನ್ನೂ ಅದೇ ವರದಿ ದಾಖಲಿಸಿದೆ. ಅರ್ಥವರಿಯದ ಬಾಯಿಪಾಠವನ್ನೂ ಕ್ಯಾಂಬೆಲ್ ಟೀಕಿಸಿದ್ದಾನೆ. ಆದರೂ ಬಲ್ಲವನು ಬಾರದವನಿಗೆ ಕಲಿಸುವ ಈ ಕ್ರಮವನ್ನು ಇಂಗ್ಲೆಂಡು ಅನುಸರಿಸಿದ್ದು ಯೋಗ್ಯವೇ ಆಯಿತೆಂದು ಅವನು ಮನಸಾರೆ ಒಪ್ಪಿದ್ದಾನೆ.

ಆ ಅನುಸರಣೆಯ ಕಥೆ ಹೀಗಿದೆ. ಮದರಾಸಿನ ಎಗ್ಮೋರಿನ ಅನಾಥಾಲಯದ ಮೇಲ್ವಿಚಾರಣೆಯನ್ನು 1789ರಲ್ಲಿ ವಹಿಸಿಕೊಂಡ ಆಂಡ್ರೂ ಬೆಲ್, ಊರ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ಆ ಪದ್ಧತಿಯನ್ನು ತನ್ನ ಶಾಲೆಗೆ ತಂದು, 1797ರಲ್ಲಿ ಲಂಡನ್ನಿನಲ್ಲಿ ಆ ಕುರಿತು ಪುಸ್ತಕ ಪ್ರಕಟಿಸಿದನು. ಜೋಸೆಫ್ ಲ್ಯಾಂಕಾಸ್ಟರನ ಶಾಲೆಗಳಲ್ಲಿ ಬರೆಹಕ್ಕೆ ನಡುವೆ ಮೇಜಿನ ಸಾಲು, ಓದಿಗೆ ಗೋಡೆಯ ಬದಿಯಲ್ಲಿ ಅರ್ಧವೃತ್ತ ಎಂಬ ಏರ್ಪಾಡಾಯಿತು. ಮುಂದೆ ವರ್ಗವಾರು ಪಾಠ ಮತ್ತು ಪರೀಕ್ಷೆಗಳು ಬಲವಾದಂತೆ ಅರ್ಧವೃತ್ತ ಮಾಯವಾಗಿ, ಕರಿಹಲಗೆಗೆ ಮುಖಮಾಡಿದ ಸಾಲು ಮಾತ್ರ ಉಳಿಯಿತು. ನಮ್ಮಲ್ಲಿಯೂ ಬೆಂಚಿದ್ದಲ್ಲಿ ಬೆಂಚಿನ ಸಾಲು, ಇಲ್ಲದಲ್ಲಿ ಚಾಪೆಯ ಸಾಲು.

ಈ ಸಾಲನ್ನು ಮತ್ತೆ ಸಡಿಲಿಸಿದವರಲ್ಲಿ ಪ್ರಮುಖರು ಮರಿಯಾ ಮಾಂಟೆಸರಿ. 1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಆರಂಭಿಸಿದ ಶಿಶುಗೃಹದಲ್ಲಿ ಆಕೆ ಮಕ್ಕಳೇ ಎತ್ತಿಡಬಲ್ಲ ಹಗುರವಾದ ಮೇಜು ಕುರ್ಚಿಗಳನ್ನು ಇರಿಸಿದರು. 1939ರಲ್ಲಿ ಭಾರತಕ್ಕೆ ಬಂದು, 1946ರವರೆಗೆ ಇಲ್ಲಿದ್ದು, ಅಡ್ಯಾರಿನಲ್ಲಿಯೂ ಕೊಡೈಕೆನಾಲಿನಲ್ಲಿಯೂ ತಮ್ಮ ಪದ್ಧತಿಯನ್ನು ಬೋಧಿಸಿದರು. ಮಗು ಎಲ್ಲಿಯಾದರೂ ಕೂರಲಿ. ಸಾಮಾನಿಗೆ ಮಾತ್ರ ಗೊತ್ತಾದ ಸ್ಥಳವಿದೆ, ತೆಗೆದವರೇ ಅಲ್ಲಿಡಬೇಕು. ಇದು ಆ ಕೋಣೆಯ ನಿಯಮ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಯೂ ಇದೇ ದಾರಿಯದು. ಮದನಪಲ್ಲಿ ಸಮೀಪದ ಋಷಿವ್ಯಾಲಿಯ ಗ್ರಾಮಶಾಲೆಗಳ ಪ್ರಯೋಗ ಅದಕ್ಕೆ ಪ್ರೇರಣೆ. ನೆಲದ ಮೇಲೆ ಗುಂಪುಗಳು. ಒಂದಕ್ಕೆ ಉಪಾಧ್ಯಾಯರ ಪೂರ್ಣ ಸಹಾಯ, ಮತ್ತೊಂದಕ್ಕೆ ಜೊತೆಗಾರರ ಸಹಾಯ, ಇನ್ನೊಂದರಲ್ಲಿ ಸ್ವಕಲಿಕೆ. ಮುಂದೇನೆಂಬುದನ್ನು ಕಲಿಕೆಯ ಏಣಿ ತೋರಿಸುತ್ತದೆ. ಕಾರ್ಡುಗಳು ಟ್ರೇಗಳಲ್ಲಿ ಕ್ರಮವಾಗಿರುತ್ತವೆ.

ಈ ಎಲ್ಲ ಉದಾಹರಣೆಗಳಿಂದ ಒಂದು ತತ್ತ್ವ ಹೊರಡುತ್ತದೆ. ಮಕ್ಕಳು ಕದಲುವ ಕೋಣೆಯಲ್ಲಿ ವಸ್ತುಗಳ ಸ್ಥಳ, ಗುಂಪುಗಳ ಗುರುತು, ಹಿರಿಯ ಮಕ್ಕಳ ಹೊಣೆ ಇವು ಕದಲಬಾರದು. ಪುಸ್ತಕ, ಚಾಪೆ, ಸ್ಲೇಟುಗಳಿಗೆ ಮಗುವಿನ ಕೈಗೆಟಕುವ ಗೊತ್ತಾದ ಮೂಲೆ ಬೇಕು. ಓಡಾಟಕ್ಕೆ ದಾರಿ ಬಿಟ್ಟಿರಬೇಕು. ಗುಂಪು ಬದಲಿಸಲು ಒಂದೇ ಸಂಜ್ಞೆ ಇರಬೇಕು. ಪಾಠ ಮುಗಿಯುವ ಮೊದಲು ಸಾಮಾನು ಹಿಂದಿರುಗಿಸಲು ಐದು ನಿಮಿಷ ಮೀಸಲಿಡಬೇಕು. ಕೂಗಾಟ ತಗ್ಗುವುದು ಬೆತ್ತದಿಂದಲ್ಲ, ಈ ಏರ್ಪಾಡಿನಿಂದ.

ಗಡಿನಾಡಿನ ನಮಗೆ ಇದು ಕೇವಲ ಬೋಧನಾಕ್ರಮದ ಚರ್ಚೆಯಲ್ಲ. ಮಕ್ಕಳು ಕಡಮೆ, ಉಪಾಧ್ಯಾಯರು ಒಬ್ಬರೋ ಇಬ್ಬರೋ, ತರಗತಿಗಳು ನಾಲ್ಕೈದು ಎಂಬುದು ಎಷ್ಟೋ ಕನ್ನಡ ಶಾಲೆಗಳ ಸ್ಥಿತಿ. ಅಲ್ಲಿ ಸಾಲಿನ ಪಾಠಕ್ಕೆ ಕಟ್ಟುಬಿದ್ದರೆ ಒಂದು ತರಗತಿ ಕಲಿಯುವಾಗ ಉಳಿದವು ಸುಮ್ಮನೆ ಕೂರಬೇಕಾಗುತ್ತದೆ. ಸುಮ್ಮನೆ ಕುಳಿತ ಮಗುವಿನ ತಂದೆತಾಯಿಗಳು ಬೇರೆ ಭಾಷೆಯ ಶಾಲೆಯನ್ನು ಹುಡುಕಿದರೆ ಅವರನ್ನು ದೂರಲಾಗದು. ಒಬ್ಬರೇ ಗುರು ನಾಲ್ಕು ಗುಂಪುಗಳನ್ನು ನಡೆಸುವ ವಿದ್ಯೆ ಇದೇ ನೆಲದ ಕನ್ನಡ ಮಠಗಳಲ್ಲಿತ್ತು. ಅದರ ಬೆತ್ತವನ್ನು ಬಿಟ್ಟು ಕ್ರಮವನ್ನು ಉಳಿಸಿಕೊಳ್ಳುವುದು ನಮ್ಮ ಹೊಣೆ.